ಕಸಿಬಳ್ಳಿಯ ಪರಿಮಳ ಯಾರದು?

'ನಮ್ಮ ಬೇರು ಊರಲ್ಲೇ ಇದೆ, ಇಲ್ಲಿ ಬರೀ ಕೊಂಬೆ' ಎಂಬ ಮಾತು ಪುಣೆಯ ಕನ್ನಡ ಕೂಟಗಳಲ್ಲಿ ಆಗಾಗ ಕಿವಿಗೆ ಬೀಳುತ್ತದೆ. ದ್ರಾಕ್ಷಿಯ ಬಗ್ಗೆ ಓದತೊಡಗಿದ ಮೇಲೆ ಈ ರೂಪಕ ನನಗೆ ತಲೆಕೆಳಗಾಗಿ ಕಾಣುತ್ತಿದೆ.

ಜಗತ್ತಿನ ಬಹುಪಾಲು ವೈನ್ ದ್ರಾಕ್ಷಿ ಇಂದು ಸ್ವಂತ ಬೇರಿನ ಮೇಲೆ ನಿಂತಿಲ್ಲ. 1860ರ ದಶಕದಲ್ಲಿ ಅಮೆರಿಕದಿಂದ ಬಂದ ಫಿಲೊಕ್ಸೆರಾ ಎಂಬ ಪುಟ್ಟ ಕೀಟ ಫ್ರಾನ್ಸಿನ ಬಳ್ಳಿಗಳ ಬೇರಿಗೆ ಬಿದ್ದು ತೋಟಗಳನ್ನೇ ಒಣಗಿಸಿತು. ಮದ್ದು ಸಿಕ್ಕಿದ್ದೂ ಅಮೆರಿಕದಲ್ಲೇ. ಅಲ್ಲಿನ ಕಾಡುದ್ರಾಕ್ಷಿಯ ಬೇರಿಗೆ ಈ ಕೀಟದೊಂದಿಗೆ ಬಾಳಿ ಅಭ್ಯಾಸವಿತ್ತು; ಅದರ ಮೇಲೆ ಫ್ರೆಂಚ್ ಕಡ್ಡಿಯನ್ನು ಕಸಿ ಮಾಡಿದರು. ಎಲ್ಲರೂ ಸುಲಭಕ್ಕೆ ಒಪ್ಪಲಿಲ್ಲ. ಬರ್ಗಂಡಿಯಲ್ಲಿ 1887ರವರೆಗೂ ಅಮೆರಿಕದ ಬಳ್ಳಿಗೆ ನಿಷೇಧವಿತ್ತು. ಆ ಕಡೆಯ ಕೆಲವು ದ್ರಾಕ್ಷಿಗೆ ಒಂದು ಘಾಟು ವಾಸನೆಯಿದೆ (ಬೆಂಗಳೂರು ಬ್ಲೂ ತಿಂದವರಿಗೆ ಗೊತ್ತು, ಅದೂ ಆ ಕುಲದ್ದೇ). ಅದು ಬೇರಿನಿಂದ ಏರಿ ತಮ್ಮ ವೈನಿಗೂ ಹತ್ತೀತೆಂಬ ಅಂಜಿಕೆ.

ಹತ್ತಲಿಲ್ಲ. ಪರಿಮಳದ ಸಂಯುಕ್ತಗಳನ್ನು ಬಹುಮಟ್ಟಿಗೆ ಹಣ್ಣೇ ತಯಾರಿಸಿಕೊಳ್ಳುತ್ತದೆ, ಕಡ್ಡಿಯ ವಂಶವಾಹಿಗೆ ತಕ್ಕಂತೆ. ಯಾವ ಬೇರಿನ ಮೇಲೆ ನಿಂತರೂ ಮಸ್ಕಟ್ ಮಸ್ಕಟ್ಟೇ. ಹಾಗೆಂದು ಬೇರು ಸುಮ್ಮನಿರುವುದಿಲ್ಲ. ನಾಶಿಕ್, ಸಾಂಗ್ಲಿ, ನಮ್ಮ ವಿಜಯಪುರದ ಕಡೆ ಉಪ್ಪುನೀರು, ಬರ ತಡೆಯಲೆಂದು ಬಳಸುವ ಡಾಗ್ರಿಡ್ಜ್ ಬೇರನ್ನೇ ನೋಡಿ. ಅದರ ಕಸುವಿಗೆ ಬಳ್ಳಿ ಸೊಕ್ಕಿ ಬೆಳೆಯುತ್ತದೆ. ಎಲೆ ದಟ್ಟವಾಗಿ ಗೊಂಚಲಿಗೆ ನೆರಳು ಬಿದ್ದರೆ ಕ್ಯಾಬರ್ನೆ ಸೊವಿನ್ಯೋನಿನಲ್ಲಿ ಮೆಥಾಕ್ಸಿಪೈರಜೀನ್ ಹೆಚ್ಚು ಉಳಿಯುತ್ತದೆ. ದೊಣ್ಣೆಮೆಣಸಿನಕಾಯಿಯ ಹಸಿ ವಾಸನೆ ಅದರದ್ದೇ. ಲೀಟರಿಗೆ ಕೆಲವು ನ್ಯಾನೋಗ್ರಾಂ ಇದ್ದರೂ ಮೂಗಿಗೆ ತಿಳಿಯುತ್ತದೆ. ಬೇರು ಎಷ್ಟು ಸಾರಜನಕ ಹೀರಿತೆಂಬುದರ ಮೇಲೆ ಯೀಸ್ಟ್ ಹುಟ್ಟಿಸುವ ಹಣ್ಣಿನ ಕಂಪೂ ಬದಲಾಗುತ್ತದೆ. ರಾಗ ಕಡ್ಡಿಯದು, ಶ್ರುತಿ ಬೇರಿನದು ಎನ್ನಬಹುದೇನೋ.

ಬಾಟಲಿಯ ಮೇಲೆ ಮಾತ್ರ ಕಡ್ಡಿಯ ಹೆಸರು. ಬೇರಿನ ಹೆಸರು ಸಾಮಾನ್ಯವಾಗಿ ಎಲ್ಲೂ ಇರುವುದಿಲ್ಲ.

ನಾವು ವಲಸಿಗರು ಊರಿಂದ ತಂದದ್ದು ಕಡ್ಡಿಯನ್ನು. ನುಡಿ, ರುಚಿ, ಗುಣುಗುವ ಹಾಡು ಎಲ್ಲ ಅದರಲ್ಲಿದೆ. ನೀರು ಹೀರುವ ಬೇರು ಈ ಊರಿನದು. ನನ್ನ ಕನ್ನಡದ ಲಯ ಇಲ್ಲಿ ತುಸು ಬದಲಾಗಿದ್ದರೆ ಅದು ಕೆಟ್ಟಿತೆಂದು ನಾನು ಒಪ್ಪುವುದಿಲ್ಲ. ನನ್ನನ್ನು ಕಾಡುವುದು ಋಣದ ಪ್ರಶ್ನೆ. ತೆರಿಗೆ ಕಟ್ಟುತ್ತೇವಲ್ಲ, ಇನ್ನೇನು ಋಣ ಎನ್ನುತ್ತಾರೆ ಗೆಳೆಯರು. ಅದೂ ನಿಜವೇ, ಎಲೆ ಮಾಡಿದ ಸಕ್ಕರೆ ಕೆಳಗಿಳಿದರೇ ಬೇರಿಗೂ ಬದುಕು. ಆದರೆ ಕಸಿಯಲ್ಲಿ ಇನ್ನೊಂದು ಕೆಲಸವಿದೆ. ಬೇರಿನಿಂದಲೇ ಚಿಗುರೊಡೆದರೆ ತೋಟಗಾರ ಅದನ್ನು ಚಿವುಟಿ ಹಾಕುತ್ತಾನೆ. ಅದು ತನ್ನ ಹಣ್ಣು ಬಿಡುವಂತಿಲ್ಲ.

ಪುಣೆಯ ನೀರು ಪಾನ್‌ಶೇತ್, ವರಸಗಾಂವ್ ಅಣೆಕಟ್ಟುಗಳಿಂದ ಖಡಕ್‌ವಾಸ್ಲಾಕ್ಕೆ ಇಳಿದು ಬರುತ್ತದೆ. ಆ ಅಣೆಕಟ್ಟುಗಳಿಗಾಗಿ ಹಳ್ಳಿಗಳು ಮುಳುಗಿವೆ. ಅಲ್ಲಿ ಏನೇನು ಚಿಗುರಬೇಕಿತ್ತೋ, ನಮ್ಮ ಸೊಸೈಟಿಯ ನೀರಿನ ಬಿಲ್ಲಿನಲ್ಲಿ ಅದರ ಲೆಕ್ಕವಿಲ್ಲ.