ಮೂರ್ಛೆಯ ಮಾತು ಮುಚ್ಚಿಡಬೇಡಿ



ಬೀದರ, ಕಲಬುರಗಿ, ರಾಯಚೂರು 1956ರಲ್ಲೇ ಹೈದರಾಬಾದ್ ರಾಜ್ಯದಿಂದ ಬೇರೆಯಾದವು. ಆದರೂ ತಲೆಯ ಕಾಯಿಲೆ ಎಂದರೆ ಆ ಕಡೆಯವರು ಇಂದಿಗೂ ಇಲ್ಲಿಗೆ, ಹೈದರಾಬಾದಿನ ನಿಮ್ಸ್ ಆಸ್ಪತ್ರೆಗೆ ಬರುತ್ತಾರೆ. ಇಳಿದುಕೊಳ್ಳುವುದು ಇಲ್ಲಿಯ ಶರಣ ಬಂಧುಗಳಾದ ನಿಮ್ಮ ಮನೆಗಳಲ್ಲಿ. ಅದಕ್ಕೇ ಈ ಮಾತು ನಿಮಗೆ.

ಫಿಟ್ಸ್ ಬಂದವರ ಕೈಗೆ ಕೀಲಿಕೈ ಹಿಡಿಸುತ್ತೇವೆ, ಮೂಗಿಗೆ ಈರುಳ್ಳಿ ಹಿಡಿಯುತ್ತೇವೆ. ಮಗ್ಗುಲಿಗೆ ಹೊರಳಿಸಿದರೆ ಸಾಕು. ಹಿರಿಯರು ಮರೆಯತೊಡಗಿದರೆ ಅರಳು ಮರಳು ಎಂದು ಕೈಬಿಡುತ್ತೇವೆ. ಎರಡಕ್ಕೂ ಕೆಲವೊಮ್ಮೆ ಮಿದುಳಿನಲ್ಲಿ ಸೇರಿಕೊಂಡ ಲಾಡಿಹುಳುವಿನ ಮರಿಯೇ ಕಾರಣ. ಚಿಕಿತ್ಸೆಯಿಂದ ಮರಳುವ ನೆನಪೂ ಉಂಟು. ಎಂ.ಆರ್.ಐ.ನಲ್ಲಿ ಆ ಮರಿ ನೀರು ತುಂಬಿದ ಸಣ್ಣ ಗುಳ್ಳೆ, ಒಳಗೊಂದು ಚುಕ್ಕೆ. ಆ ಚುಕ್ಕೆ ಹುಳುವಿನ ತಲೆ. ಅದು ಕಾಣದಿದ್ದರೆ ಕ್ಷಯದ ಗಂಟೂ ಇರಬಹುದೆಂದು ವೈದ್ಯರು ಕೆಲವು ವಾರ ಬಿಟ್ಟು ಮತ್ತೆ ಸ್ಕ್ಯಾನ್ ಮಾಡಿಸಬಹುದು. ಗೊಣಗಬೇಡಿ. ಅಂಗಡಿಯಿಂದ ಜಂತುಹುಳುವಿನ ಮಾತ್ರೆ ತಂದು ನುಂಗಿಸಲೂಬೇಡಿ; ಮರಿಗಳು ಒಮ್ಮೆಗೇ ಸತ್ತರೆ ಮಿದುಳು ಬಾತು ಪ್ರಾಣಕ್ಕೇ ಬಂದೀತು.

‘ನಾವು ಲಿಂಗವಂತರು, ಮಾಂಸ ಮುಟ್ಟುವವರಲ್ಲ’ ಎಂದು ವೈದ್ಯರೆದುರು ಎದೆ ಸೆಟೆಸುವವರಿದ್ದಾರೆ. ಆದರೆ ಬೇಯದ ಹಂದಿಮಾಂಸ ತಿಂದವರ ಕರುಳಲ್ಲಿ ಬೆಳೆಯುವುದು ದೊಡ್ಡ ಹುಳು. ಮಿದುಳು ಸೇರುವ ಮರಿ ಹುಟ್ಟುವುದು ಅದರ ಮೊಟ್ಟೆಯಿಂದ. ಆ ಮೊಟ್ಟೆ ಬರುವುದು ಮನುಷ್ಯರ ಮಲದಿಂದ: ತೊಳೆಯದ ಕೈಯಲ್ಲಿ, ಕೊಳಚೆ ನೀರು ಕುಡಿದ ಸೊಪ್ಪಿನಲ್ಲಿ. ಮೂಸಿ ನದಿಯ ದಡದ ಪಾಲಕ್ ಯಾರ ಕುಲವನ್ನೂ ಕೇಳುವುದಿಲ್ಲ.

ಮಗಳಿಗೆ ಮೂರ್ಛೆ ಬಂದರೆ ಮದುವೆ ತಪ್ಪೀತೆಂದು ಮುಚ್ಚಿಡುತ್ತೀರಿ. ಹಿಂದೂ ವಿವಾಹ ಕಾಯ್ದೆಯಲ್ಲಿ ಮದುವೆಗೆ ಅಡ್ಡಿಯೆಂದು ಬರೆದಿದ್ದ ಮೂರ್ಛೆರೋಗವನ್ನು 1999ರಲ್ಲೇ ಅಳಿಸಿದ್ದಾರೆ. ಕಾನೂನು ಬಿಟ್ಟರೂ ಬೀಗರು ಬಿಟ್ಟಿಲ್ಲ, ನಿಜ. ಆದರೆ ಬೀಗರಿಗೆ ಅಂಜಿ ವೈದ್ಯರಿಗೂ ಅರ್ಧ ಹೇಳಿದರೆ ಅವರು ಪತ್ತೆ ಮಾಡುವುದಾದರೂ ಏನನ್ನು? ನಮ್ಮ ವಚನಕಾರರಲ್ಲಿ ವೈದ್ಯ ಸಂಗಣ್ಣನವರೂ ಒಬ್ಬರು. ಮದ್ದು ಕೊಡುವವರು ನಮಗೆ ಹೊರಗಿನವರಲ್ಲ. ಎಂದಿನಿಂದ, ಎಷ್ಟು ಹೊತ್ತು, ಯಾವ ಕೈ ಮೊದಲು ಸೆಳೆಯಿತು, ಲೆಕ್ಕಪತ್ರ ಯಾವಾಗ ತಪ್ಪತೊಡಗಿತು, ಎಲ್ಲ ಹೇಳಿ. ಮೊಬೈಲಿನಲ್ಲಿ ವಿಡಿಯೊ ಇದ್ದರೆ ತೋರಿಸಿ.

ಮೊಟ್ಟೆ ಇಡುವ ಆ ದೊಡ್ಡ ಹುಳು ಮನೆಯಲ್ಲೇ ಯಾರ ಹೊಟ್ಟೆಯಲ್ಲಾದರೂ ಇರಬಹುದು, ಅವರಿಗೆ ಗೊತ್ತೂ ಆಗದೆ. ವೈದ್ಯರು ಮಲ ಪರೀಕ್ಷೆ ಮಾಡಿಸಿ ಎಂದಾಗ ಅಡುಗೆಯಾಕೆಯೊಬ್ಬಳನ್ನೇ ಕಳಿಸಬೇಡಿ, ಯಜಮಾನರೂ ಹೋಗಲಿ. ಇಲ್ಲಿ ದಾಸೋಹಕ್ಕೆ ಸೊಪ್ಪು ಸೋಸುವವರು, ಬಡಿಸುವವರು ಎಲ್ಲರದೂ ಆಗಬೇಕು, ನನ್ನದೂ ಸೇರಿ.