ಬಿಟ್ಟ ಹೊಲಿಗೆ, ಬಿಟ್ಟ ಓದು

ಮನೆಗೆಲಸ ಮುಗಿದ ಮೇಲೆ ಓದಬೇಕೋ, ಓದುವುದಕ್ಕಾಗಿ ಮನೆಗೆಲಸವನ್ನು ನಿಲ್ಲಿಸಬೇಕೋ? ಮೇಲ್ನೋಟಕ್ಕೆ ಇದೊಂದು ಪ್ರಶ್ನೆಯೇ ಅಲ್ಲವೆನಿಸಬಹುದು. ಕೆಲಸ ಮೊದಲು, ಸಂತೋಷ ಆಮೇಲೆ ಎಂದು ಹಿರಿಯರು ನಮಗೆ ಹೇಳಿಕೊಟ್ಟರು. ನಾವೂ ನಮ್ಮ ಮಕ್ಕಳಿಗೆ ಹಾಗೆಯೇ ಹೇಳುತ್ತ ಬಂದೆವು. ಆದರೆ ಮನೆಗೆಲಸವೆಂಬುದು ಎಂದಾದರೂ ಮುಗಿದೀತೇ? ಮುಗಿಯದ ಕೆಲಸದ ಆಚೆಗೆ ಇಟ್ಟ ಸಂತೋಷ ಯಾರ ಕೈಗೆ ಸಿಕ್ಕೀತು?

ದಿಲ್ಲಿಯ ಚಳಿಗಾಲವನ್ನು ಕಂಡವರಿಗೆ ಈ ನೋಟ ಹೊಸದಲ್ಲ. ಮಧ್ಯಾಹ್ನದ ಬಿಸಿಲಿಗೆ ಹೆಂಗಸರು ಅಂಗಳಕ್ಕೋ ಮಾಳಿಗೆಗೋ ಮಂಚ ಎಳೆದುಕೊಂಡು ಕೂರುತ್ತಾರೆ. ಒಬ್ಬರ ಮಡಿಲಲ್ಲಿ ಸುಲಿಯಲು ಬಟಾಣಿ, ಇನ್ನೊಬ್ಬರ ಕೈಯಲ್ಲಿ ಉಲ್ಲನ್ ಉಂಡೆ. ಧಾರವಾಡದಿಂದ ಬಂದ ನಮ್ಮ ಅವ್ವನೂ ಆ ಗುಂಪು ಸೇರಿ ಸ್ವೆಟರ್ ಹೆಣೆಯಲು ಕಲಿತಳು. ಕಸೂತಿಯಂತೂ ಊರಿನಿಂದಲೇ ಕೈಯಲ್ಲಿ ಬಂದಿತ್ತು. ಹಳೆಯ ಸೀರೆಗಳೆಲ್ಲ ಕೌದಿಯಾಗುತ್ತಿದ್ದವು. ಈ ಕೆಲಸಗಳಲ್ಲಿ ಆಕೆ ಗಂಟೆಗಟ್ಟಲೆ ಕುಳಿತರೂ ಯಾರೂ ಏನೂ ಅನ್ನುತ್ತಿರಲಿಲ್ಲ. ಆದರೆ ತ್ರಿವೇಣಿಯವರದೋ ಎಂ. ಕೆ. ಇಂದಿರಾ ಅವರದೋ ಒಂದು ಕಾದಂಬರಿ ಹಿಡಿದಳೆಂದರೆ ಸಾಕು, ಮನೆಯಲ್ಲಿ ಯಾರಿಗಾದರೂ ಚಹಾ ಬೇಕಾಗುತ್ತಿತ್ತು. ಹೆಣೆಯುವ ಕೈ ಕೆಲಸದಲ್ಲಿದೆ, ಓದುವ ಕೈ ಬಿಡುವಾಗಿದೆ ಎಂಬುದು ಎಲ್ಲರ ಲೆಕ್ಕ. ಮಕ್ಕಳಾದ ನಮ್ಮ ಲೆಕ್ಕವೂ ಅದೇ.

ಅವ್ವ ಇದಕ್ಕಾಗಿ ಜಗಳವಾಡಿದವಳಲ್ಲ. ಊರಿಗೆ ಹೋದಾಗಲೆಲ್ಲ ಎರಡು ಮೂರು ಪುಸ್ತಕ ತಂದು ಟ್ರಂಕಿನಲ್ಲಿಡುತ್ತಿದ್ದಳು. "ಇರಲಿ ಬಿಡ್ರಿ, ಹುಡುಗ್ರು ದೊಡ್ಡವರಾದ ಮ್ಯಾಲೆ ಓದಿದ್ರಾತು" ಎನ್ನುತ್ತಿದ್ದಳು.

ಕಸೂತಿಯಲ್ಲಿ ಗವಂತಿ ಎಂಬ ಹೊಲಿಗೆಯಿದೆ. ಬಟ್ಟೆಯ ಎಳೆಗಳನ್ನು ಎಣಿಸುತ್ತ, ಒಂದು ಹೊಲಿಗೆ ಹಾಕಿ ಒಂದನ್ನು ಬಿಟ್ಟು ಸೂಜಿ ಮುಂದೆ ಹೋಗುತ್ತದೆ. ತಿರುಗಿ ಬರುವಾಗ ಬಿಟ್ಟ ಜಾಗಗಳನ್ನೆಲ್ಲ ತುಂಬುತ್ತ ಬರುತ್ತದೆ. ಮುಗಿದ ಮೇಲೆ ಬಟ್ಟೆಯ ಎರಡೂ ಮಗ್ಗುಲು ಒಂದೇ ತೆರ ಕಾಣುತ್ತವೆ. ಬಾಳನ್ನೂ ಅವ್ವ ಹಾಗೆಯೇ ತಿಳಿದಿದ್ದಳೆಂದು ತೋರುತ್ತದೆ: ಹೋಗುವಾಗ ಬಿಟ್ಟದ್ದನ್ನು ಬರುವಾಗ ತುಂಬಿಕೊಂಡರಾಯಿತು.

ನಾವು ದೊಡ್ಡವರಾದೆವು, ಟ್ರಂಕು ತೆರೆಯಿತು. ಅಷ್ಟರಲ್ಲಿ ಆಕೆಯ ಕಣ್ಣಿನ ನಡುವಿನ ನೋಟವೇ ಮಾಸಿಹೋಗಿತ್ತು. ಓಡಾಡಲು ಅಂಥ ತೊಂದರೆಯಿರಲಿಲ್ಲ; ಅಕ್ಷರ ಮಾತ್ರ ಕಾಣುತ್ತಿರಲಿಲ್ಲ. ಪೊರೆಯಾಗಿದ್ದರೆ ತೆಗೆಸಬಹುದಿತ್ತು. ಇದು ಪೊರೆಯಲ್ಲ ಎಂದರು ಡಾಕ್ಟರರು.

ಹಾಗಾದರೆ ತಪ್ಪು ಯಾರದು? ಕೈಗೆಲಸದ್ದೆನ್ನುವಂತಿಲ್ಲ. ಸ್ವೆಟರಿಗೆ ಹೊಸ ಮಾದರಿಯೊಂದು ಕೂಡಿಬಂದಾಗ ಅವ್ವನ ಮುಖ ಅರಳುತ್ತಿದ್ದುದನ್ನು ನಾವೇ ಕಂಡಿದ್ದೇವೆ. ಅದೂ ಆಕೆಯ ಸಂತೋಷವೇ. ಆದರೆ ಆ ಸಂತೋಷಕ್ಕೆ ಉಪಯೋಗವೆಂಬ ರಹದಾರಿ ಇತ್ತು, ಓದಿಗೆ ಇರಲಿಲ್ಲ. ಸ್ವೆಟರನ್ನು ನಾವು ತೊಟ್ಟುಕೊಂಡೆವು. ಓದಿದ ಪುಸ್ತಕವನ್ನು ಆಕೆ ಯಾರಿಗೆ ತೊಡಿಸಬೇಕಾಗಿತ್ತು? ಅವ್ವ ಓದದೆ ಬಿಟ್ಟ ಪುಟಗಳ ಬೆಲೆಯಲ್ಲೇ ನಮ್ಮ ಮೈ ಬೆಚ್ಚಗಿತ್ತೆಂಬುದು ನಮಗೆ ಹೊಳೆದದ್ದು ಬಹಳ ತಡವಾಗಿ.

ಎದುರು ಮಾತೂ ಇದೆ. ಒಬ್ಬರು ಓದುತ್ತ ಕುಳಿತರೆ ಇನ್ನೊಬ್ಬರು ಪಾತ್ರೆ ತೊಳೆಯಬೇಕಾಗುತ್ತದೆ. ಅನ್ಯರ ಬೆವರಿನ ಮೇಲೆ ನಡೆಯುವ ಓದೂ ಒಂದು ಬಗೆಯ ಕಳ್ಳತನವಲ್ಲವೇ? ನಿಜ. ಆದರೆ ಈ ಮಾತು ಪೇಪರು ಹಿಡಿದು ಕೂತ ಗಂಡಸರಿಗೆ ತಗಲದೆ, ಕಾದಂಬರಿ ಹಿಡಿದ ಹೆಂಗಸಿಗೆ ಮಾತ್ರ ತಗಲುವುದೇಕೆ? ತಡವಾದರೇನಂತೆ, 1917ರಲ್ಲಿ ಹುಟ್ಟಿದ ಇಂದಿರಾ ಅವರ ಮೊದಲ ಕಾದಂಬರಿ 'ತುಂಗಭದ್ರಾ' ಬಂದದ್ದು 1963ರಲ್ಲಲ್ಲವೇ ಎಂದೂ ಕೇಳಬಹುದು. ಅಂಥವರು ಉಂಟು. ಆದರೆ ಅವರ ಹೆಸರು ಹೇಳಿ ಇನ್ನೊಬ್ಬರನ್ನು ಕಾಯಿಸುವ ಹಕ್ಕು ನಮಗಿಲ್ಲ.

ಪರಊರಿನ ನಮ್ಮ ಮನೆಗಳಲ್ಲಿ ಇನ್ನೊಂದು ಸಮರ್ಥನೆ ಸುಲಭವಾಗಿ ಬಾಯಿಗೆ ಬರುತ್ತದೆ: ತಾಯಿ ಕನ್ನಡ ಓದಿದರೆ ಮಕ್ಕಳಿಗೂ ಕನ್ನಡ ಬಂದೀತು ಎಂದು. ಬಂದರೆ ಒಳ್ಳೆಯದೇ. ಆದರೆ ಅದನ್ನೇ ಕಾರಣವಾಗಿ ಒಡ್ಡಿದರೆ ಓದನ್ನು ಮತ್ತೊಂದು ಸ್ವೆಟರ್ ಮಾಡಿದಂತಾಯಿತು. ತನಗೆ ಇಷ್ಟವೆಂಬ ಒಂದೇ ಕಾರಣಕ್ಕೆ ಆಕೆ ಓದಬಾರದೇ?

ಕೊನೆಯ ವರ್ಷಗಳಲ್ಲಿ ಆ ಟ್ರಂಕಿನ ಪುಸ್ತಕಗಳನ್ನು ನಾವೇ ಅವ್ವನಿಗೆ ಓದಿ ಹೇಳಿದೆವು. ಹಿಂದೆ ಊರಮನೆಗಳಲ್ಲಿ ಒಬ್ಬರು ಕುಮಾರವ್ಯಾಸ ಭಾರತವನ್ನು ಓದುತ್ತಿದ್ದರೆ ಉಳಿದವರು ಬತ್ತಿ ಹೊಸೆಯುತ್ತಲೋ ಹೂ ಕಟ್ಟುತ್ತಲೋ ಕೇಳುತ್ತಿದ್ದರಲ್ಲ, ಹಾಗೆ. ಕಸೂತಿಗೆ ಕಣ್ಣು ಬೇಕು. ಕೌದಿಯ ದೊಡ್ಡ ಹೊಲಿಗೆಗೆ ಬೆರಳ ಅಂದಾಜೇ ಸಾಕು. 'ಫಣಿಯಮ್ಮ' ಓದಿದ ದಿನಗಳಲ್ಲಿ ಮಾತ್ರ ಆಕೆಯ ಸೂಜಿ ಎಷ್ಟೋ ಹೊತ್ತು ನಿಂತೇಬಿಡುತ್ತಿತ್ತು. ಬಿಟ್ಟದ್ದರಲ್ಲಿ ಸ್ವಲ್ಪ ತುಂಬಿತು; ಎಲ್ಲವೂ ತುಂಬಲಿಲ್ಲ. ಇನ್ನೊಬ್ಬರ ದನಿಯಲ್ಲಿ ಕೇಳುವುದಕ್ಕೂ ತಾನೇ ಏಕಾಂತದಲ್ಲಿ ಓದುವುದಕ್ಕೂ ಅಂತರವಿದೆಯಷ್ಟೆ.

ಮೊನ್ನೆ ಭಾನುವಾರ ನಮ್ಮ ಸೊಸೆ ಅರ್ಧ ಹೆಣೆದ ಟೊಪ್ಪಿಗೆಯನ್ನು ಬದಿಗಿಟ್ಟು ಪುಸ್ತಕ ತೆರೆದಳು. 'ಚಹಾ' ಎಂಬ ಮಾತು ನಮ್ಮ ನಾಲಗೆಯ ತುದಿಗೂ ಬಂದಿತ್ತು. ಅದನ್ನು ನುಂಗಿಕೊಂಡು, ಎದ್ದು ನಾವೇ ಮಾಡಿದೆವು. ಆಕೆಯ ಬಳಿಯೂ ಒಂದು ಕಪ್ಪು ಇಟ್ಟೆವು. ಆಕೆ ತಲೆಯೆತ್ತಲಿಲ್ಲ. ಚಹಾ ಆರಿಹೋಯಿತು, ನಾವು ಬೇಸರಿಸಲಿಲ್ಲ.