ಮಕ್ಕಳ ಆಟವೂ ನದಿಯ ಋಣವೂ

ಗಂಭೀರವಾದ ಕರ್ತವ್ಯವನ್ನು ಆಟದ ಮೂಲಕ ಕಲಿಸುವುದು ಉಚಿತವೇ? ನೆರೆಯಲ್ಲಿ ಮನೆಮಾರು ಕಳೆದುಕೊಂಡವರೆದುರು ಆಟದ ಮಾತೆತ್ತಿದರೆ ಅವರ ದುಃಖವನ್ನು ಲಘುವಾಗಿ ಕಂಡಂತಾಗದೇ? ಈ ಸಂದೇಹ ಸಹಜವಾದುದು. ಮಲಪ್ರಭೆಯ ದಂಡೆಯಲ್ಲಿ ನಿಂತು ಇದನ್ನು ವಿಚಾರಿಸೋಣ.

ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ ಹುಟ್ಟುವ ಈ ನದಿಯು ನವಿಲುತೀರ್ಥದ ಅಣೆಕಟ್ಟನ್ನು ದಾಟಿ, ಪಟ್ಟದಕಲ್ಲಿನ ಮಗ್ಗುಲಲ್ಲಿ ಹರಿದು, ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ. ಅಣೆಕಟ್ಟಿನ ಕೆಳಗೆ ವರ್ಷಾನುಗಟ್ಟಲೆ ನೀರು ಕಡಿಮೆಯಾಗಿದ್ದುದರಿಂದ ನದಿಯ ಪಾತ್ರದಲ್ಲಿಯೇ ಉಳುಮೆ ನಡೆಯಿತು, ಗಿಡಗಂಟಿ ಬೆಳೆಯಿತು. ನದಿಯು ಹಲವೆಡೆ ಹಳ್ಳದಷ್ಟು ಕಿರಿದಾಯಿತು. 2019ರ ಆಗಸ್ಟ್ ತಿಂಗಳಲ್ಲಿ ಭಾರೀ ಮಳೆಯಾಗಿ ಅಣೆಕಟ್ಟಿನಿಂದ ನೀರನ್ನು ಹೊರಬಿಟ್ಟಾಗ ಪ್ರವಾಹವು ಊರುಗಳನ್ನೂ ಪಟ್ಟದಕಲ್ಲಿನ ದೇವಾಲಯಗಳ ಆವರಣವನ್ನೂ ಹೊಕ್ಕಿತು. ಹೊಳೆ ಊರೊಳಗೆ ಬಂದಿತೆಂದು ನಾವು ಮರುಗಿದೆವು. ಅದಕ್ಕೂ ಮುನ್ನ ನಾವು ಹೊಳೆಯೊಳಗೆ ಹೋಗಿದ್ದೆವೆಂಬುದನ್ನು ನೆನೆಯಲಿಲ್ಲ.

ಈಗ ಒಂದು ಮನೆಯ ಅಂಗಳವನ್ನು ಭಾವಿಸಿಕೊಳ್ಳಿರಿ. ಇಳಿಜಾರಿನಲ್ಲಿ ಹಸಿಮರಳು ಹರಡಿದೆ. ಮಕ್ಕಳು ಅಗಲವಾದ ಹೊಳೆಯನ್ನು ತೋಡಿ, ದಂಡೆಗೆ ಬೆಣಚುಕಲ್ಲುಗಳ ಮನೆಗಳನ್ನಿಟ್ಟಿದ್ದಾರೆ. ಒಂದು ತಂಬಿಗೆ ನೀರು ಸುರಿದರೆ ಅದು ಸರಾಗವಾಗಿ ಹರಿದುಹೋಗುತ್ತದೆ. ಎರಡೂ ಕಡೆಯಿಂದ ಮರಳನ್ನೊತ್ತಿ ಹೊಳೆಯನ್ನು ಕಿರಿದು ಮಾಡಿ, ಅಷ್ಟೇ ನೀರನ್ನು ಸುರಿದರೆ ಮನೆಗಳು ಮುಳುಗುತ್ತವೆ. ದಂಡೆಗೆ ಗರಿಕೆಯ ಹೆಂಟೆಗಳನ್ನಿಟ್ಟರೆ ಮರಳು ಕೊಚ್ಚಿಹೋಗುವುದು ಕಡಿಮೆಯಾಗುತ್ತದೆ. ಮೇಲೆ ಹಾಕಿದ ಕಸವು ಕೆಳಗಿನ ಮನೆಯ ಬಾಗಿಲಲ್ಲಿ ಬಂದು ನಿಲ್ಲುತ್ತದೆ. ಇಷ್ಟನ್ನು ಬೋಧಿಸಲು ಉಪನ್ಯಾಸ ಬೇಕಿಲ್ಲ.

ಆಗ ಮಗು ಕೇಳುತ್ತದೆ: “ಅಪ್ಪಾ, ಇದರಾಗ ನಮ್ಮ ಹೊಲ ಎಲ್ಲೈತಿ?”

ಆಟವು ಇಲ್ಲಿ ಆತ್ಮಪರೀಕ್ಷೆಯಾಗುತ್ತದೆ. ಪಾತ್ರದಲ್ಲಿ ಉಳುವವನು ದುರಾಶೆಯವನೇ ಆಗಿರಬೇಕಿಲ್ಲ. ಅಂಗೈಯಗಲದ ಭೂಮಿಯುಳ್ಳವನೂ ಆಗಿರಬಹುದು. ಅವನನ್ನು ಹಳಿಯುವುದು ಸುಲಭ, ಆದರೆ ನ್ಯಾಯವಲ್ಲ. ಆದರೂ ತನ್ನ ಬದುವಿನಿಂದ ಕೆಳಗಿನ ಊರಿನವನಿಗೆ ಏನಾಗುವುದೆಂಬ ಪ್ರಶ್ನೆಯಿಂದ ಅವನೂ ಮುಕ್ತನಲ್ಲ. ನೀರಿನಂಚಿನ ಒಂದು ಪಟ್ಟಿಯನ್ನಾದರೂ ಹುಲ್ಲಿಗೂ ಹೊಂಗೆ ನೇರಳೆಗಳಿಗೂ ಬಿಡಬಲ್ಲೆನೇ ಎಂದು ಅವನು ಯೋಚಿಸಿದರೆ, ಮಗುವಿನ ಪ್ರಶ್ನೆಗೆ ಉತ್ತರವು ಆರಂಭವಾದಂತೆ.

ಇನ್ನೊಂದು ಆಟವುಂಟು. “ನೆರೆ ಬಂತು” ಎಂದು ಒಬ್ಬರು ಕೂಗಿದೊಡನೆ ಒಬ್ಬನು ದನಕರುಗಳ ಹಗ್ಗ ಬಿಚ್ಚಬೇಕು. ಒಬ್ಬಳು ಅಜ್ಜಿಯ ಕೈಹಿಡಿಯಬೇಕು. ಇನ್ನೊಬ್ಬರು ಕಾಗದಪತ್ರ, ಔಷಧಿಗಳ ಗಂಟನ್ನೆತ್ತಿಕೊಂಡು ಎತ್ತರದ ಜಾಗವನ್ನು ಸೇರಬೇಕು. ಇದನ್ನು ಬೇಸಿಗೆಯಲ್ಲಿ, ಅಂಗಳದಲ್ಲಿ ಆಡಬೇಕೇ ಹೊರತು ಹೊಳೆಯ ಬಳಿ ಅಲ್ಲ. ನಗುತ್ತ ಕಲಿತ ಕೈಗಳು ಗಾಬರಿಯ ರಾತ್ರಿಯಲ್ಲಿ ತಡವರಿಸುವುದು ಕಡಿಮೆ.

ಆಟವು ಸರ್ಕಾರದ ಹೊಣೆಯನ್ನು ಇಳಿಸದು; ಸಕಾಲದ ಮುನ್ನೆಚ್ಚರಿಕೆ, ನ್ಯಾಯವಾದ ಪರಿಹಾರ, ಸುರಕ್ಷಿತ ನೆಲೆ ಅವರೇ ಕೊಡಬೇಕಾದುವು. ಆದರೆ ಭಯವು ಒಂದು ಮಳೆಗಾಲದವರೆಗೆ ಮಾತ್ರ ನೆನಪಿರುತ್ತದೆ. ಮಗುವು ತನ್ನ ಕೈಯಿಂದ ಮಾಡಿ ಕಂಡದ್ದು ಬಹುಕಾಲ ಉಳಿಯುತ್ತದೆ. ಹೀಗಿರಲು ಆಟವು ನೊಂದವರಿಗೆ ಅವಮಾನವಲ್ಲ; ಮತ್ತೊಬ್ಬರು ನೋಯಬಾರದೆಂಬ ಎಚ್ಚರ.

ಪ್ರಸಾದ ನಿಲಯಗಳಲ್ಲಿ ಓದಿ ಊರೂರುಗಳಲ್ಲಿ ಶಿಕ್ಷಕರಾಗಿರುವವರು ನಮ್ಮಲ್ಲಿ ಅನೇಕರಿದ್ದಾರೆ. ಈ ಬೇಸಿಗೆಯಲ್ಲಿ ಅವರು ಮಕ್ಕಳನ್ನೂ ಹೆತ್ತವರನ್ನೂ ಒಂದು ಗುಡ್ಡೆ ಮರಳಿನ ಸುತ್ತ ಕೂಡಿಸಲಿ. ಮಗು ಪ್ರಶ್ನೆ ಕೇಳಿದಾಗ ಹಿರಿಯರು ಅದನ್ನು ಗದರಿಸದಿರಲಿ.